ಮಗದುಮ್ ಮನೆಯ ಮಹಿಳಾ ಸದಸ್ಯೆ

ದೀಪಾವಳಿ ಮುಗಿದ ಮೂರನೆಯ ದಿನ, ಬೆಳಗಿನ ಅವಲಕ್ಕಿ ತಿನ್ನುತ್ತಲೇ ಕಾಕಾಸಾಹೇಬ ಮಗದುಮ್ಮರು ಮನೆಯ ಹೆಂಗಸರಲ್ಲಿ ಒಬ್ಬಳನ್ನು ಜಗತ್ತಿನ ಸಭೆಯಲ್ಲಿ ಕೂರಿಸಬೇಕೆಂದು ತೀರ್ಮಾನಿಸಿದರು.

ಬೇಡಕಿಹಾಳದಲ್ಲಿ ಅವರ ಮಾತಿಗೆ ಎದುರಾಡುವವರು ಕಡಿಮೆ. ಇಪ್ಪತ್ತನಾಲ್ಕು ವರ್ಷ ಖೋಖೋ ಸಂಘದಲ್ಲಿ ಬೇರು ಬಿಟ್ಟವರು. ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಏರಿ ದಿಲ್ಲಿಯ ಸಭೆಗಳಲ್ಲೂ ಕೈ ಎತ್ತಿ ಬಂದವರು. ಎಪ್ಪತ್ತು ತುಂಬಿದ್ದೇ ವಯಸ್ಸಿನ ನಿಯಮ ಅವರನ್ನು ಮನೆಗೆ ಕಳಿಸಿತು. ಅದೇ ಹೊತ್ತಿಗೆ ಜಾಗತಿಕ ಖೋಖೋ ಪರಿಷತ್ತು ಹನ್ನೊಂದು ದೇಶಗಳ ಮಹಿಳಾ ಸಮಿತಿಯೊಂದನ್ನು ಮಾಡಿ, ದೇಶಕ್ಕೊಬ್ಬ ಹೆಂಗಸಿನ ಹೆಸರು ಕೇಳಿತ್ತು.

"ಹೆಣ್ಣಮಗಳಽ ಬೇಕು ಅಂತ ಮ್ಯಾಲಿಂದ ಬಂದೈತಿ," ಎಂದರು ಕಾಕಾಸಾಹೇಬರು. "ದಿಲ್ಲಿಯವರು ನನ್ನ ಕೇಳ್ಯಾರ. ಜಾಗಾ ಹೊರಗ ಯಾಕ ಹೋಗಬೇಕು? ನಮ್ಮ ಮನ್ಯಾಗಽ ಇರ್ಲಿ."

"ನಮ್ಮ ಮನ್ಯಾಗ ಆಡಿದಾಕಿ ಒಬ್ಬಾಕಿನಽ ಅದಾಳ," ಎಂದು ಅವರ ಹೆಂಡತಿ ಪದ್ಮವ್ವ ಒಲೆಯ ಕಡೆ ನೋಡಿದರು.

ಒಲೆಯ ಮುಂದೆ ಕಿರಿಯ ಸೊಸೆ ಪೂನಮ ರೊಟ್ಟಿ ತಿರುವುತ್ತಿದ್ದಳು. ಕಾಗವಾಡದ ಹುಡುಗಿ. ಏಳು ವರ್ಷ ರಾಜ್ಯ ತಂಡಕ್ಕೆ ಆಡಿದವಳು, ಧಾರವಾಡದಲ್ಲಿ ಎಂ.ಪಿ.ಎಡ್. ಮುಗಿಸಿದವಳು. ಅವಳ ಗಂಡ ಕುಣಾಲ ನಿಪ್ಪಾಣಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬೈಕು ಗುದ್ದಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ಆ ಮನೆಯಲ್ಲಿ ಅವಳಿಗೆ ಕೆಲಸ ಕಡಿಮೆಯಾಗಲಿಲ್ಲ, ಅವಳ ಮಾತು ಕಡಿಮೆಯಾಯಿತು.

"ಆಕಿ ಆಡ್ಯಾಳ, ಖರೆ," ಎಂದರು ಕಾಕಾಸಾಹೇಬರು, ಅವಳು ಬೇರೆ ಊರಿನಲ್ಲಿದ್ದಾಳೇನೋ ಎಂಬಂತೆ. "ಆದ್ರ ನಾಳೆ ನಿಪ್ಪಾಣ್ಯಾಗ ಸತ್ಕಾರ ಇಡ್ತಾರ. ಉಡಿ ತುಂಬ್ತಾರ. ಕುಂಕುಮದ ಬಟ್ಟಲಾ ಹಿಡಕೊಂಡ ಬಂದ ಹೆಣ್ಮಕ್ಕಳು ಆಕಿ ಹಣಿ ನೋಡಿ ಹಿಂದ ಸರದ್ರ ನನ್ನ ಮಾರಿ ಎಲ್ಲಿ ಇಡ್ಲಿ?"

ಪದ್ಮವ್ವ ಅವರ ತಾಟಿಗೆ ಇನ್ನಷ್ಟು ಅವಲಕ್ಕಿ ಹಾಕಿದರು.

"ಸಪನಾನ ಹೆಸರು ಕೊಡೂಣು. ಬರಿಯೂದು, ಓದೂದು ಎಲ್ಲಾ ಪೂನಮ ನೋಡ್ಕೋತಾಳ."

ಹಿರಿಯ ಸೊಸೆ ಸಪನಾ ಚಹಾದ ಕಪ್ಪುಗಳನ್ನು ಹಿಡಿದು ಬಾಗಿಲಲ್ಲೇ ನಿಂತಳು. ಭೋಜ ಗ್ರಾಮದ ರೈತರ ಮಗಳು. ಹತ್ತನೆಯ ತರಗತಿ ಮುಗಿಸಿ ಈ ಮನೆಗೆ ಬಂದವಳು. "ಮಾವಾರ, ನನಗ ಇಂಗ್ಲಿಷ್ ಎಲ್ಲಿ ಬರ್ತೈತ್ರಿ?"

"ನಿನಗ ಬರೂದು ಬ್ಯಾಡ. ಆಕಿಗಿ ಬರ್ತೈತಲ್ಲ."

"ಖೋಖೋ ಸುದ್ದಾ ಬರೂದಿಲ್ರಿ."

ಅವಳ ಗಂಡ ವೃಷಭ ಅವಲಕ್ಕಿ ಬಾಯಲ್ಲಿಟ್ಟುಕೊಂಡೇ ನಕ್ಕ. "ಕುಂಡ್ರಾಕ ಬರ್ತೈತಲ್ಲ? ಖೋಖೋದಾಗ ಅರ್ಧಾ ಆಟ ಕುಂಡ್ರೂದಽ ಐತಿ."

ಎಲ್ಲರೂ ನಕ್ಕರು. ಪೂನಮಳೂ ನಕ್ಕಳು. ಆ ಮಾತು ಅಷ್ಟು ಸುಳ್ಳೂ ಅಲ್ಲ. ಸಾಲಿನಲ್ಲಿ ಕೂತವರು, ಓಡುವವರು ಬಂದು ಬೆನ್ನು ಮುಟ್ಟಿ ಖೋ ಅನ್ನುವ ತನಕ ಏಳುವಂತಿಲ್ಲ.

ಹದಿನೈದು ದಿನದೊಳಗೆ ಸಪನಾಳ ಹೆಸರು ದಿಲ್ಲಿ ಮುಟ್ಟಿ, ದಿಲ್ಲಿಯಿಂದ ಸಮುದ್ರ ದಾಟಿತು. ನಿಪ್ಪಾಣಿಯ ಸಭಾಭವನದಲ್ಲಿ ಅವಳ ಉಡಿಗೆ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಬಿದ್ದವು. ಹಾರಗಳ ಭಾರಕ್ಕೆ ಕತ್ತು ಬಗ್ಗಿಸಿಕೊಂಡು ಅವಳು ಮೂರು ನಿಮಿಷ ಭಾಷಣ ಓದಿದಳು. ಭಾಷಣ ಬರೆದ ಪೂನಮ ಸಭೆಯ ಹಿಂದಿನ ಸಾಲಿನಲ್ಲಿ ಅತ್ತೆಯ ಚಪ್ಪಲಿ ಕಾಯುತ್ತ ಕೂತಿದ್ದಳು. ಚಿಕ್ಕೋಡಿಯ ಪತ್ರಕರ್ತನೊಬ್ಬ ಬಂದು, "ತಾವು ಮೇಡಮ್ಮಾರ ಕಡೆಯವರೇನ್ರಿ?" ಎಂದು ಕೇಳಿದ್ದಕ್ಕೆ, "ಹೌದ್ರಿ, ಅವರ ಮನ್ಯಾಕಿ," ಎಂದಳು.

ಮೊದಲ ಸಭೆ ಡಿಸೆಂಬರಿನಲ್ಲಿ, ನಮ್ಮ ಸಂಜೆ ಐದಕ್ಕೆ. ಪಡಸಾಲೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಹಿಂದಿನ ಗೋಡೆಗೆ ಕಾಕಾಸಾಹೇಬರಿಗೆ ಬಂದ ಸನ್ಮಾನದ ಢಾಲುಗಳು. ಸಪನಾ ಇಳಕಲ್ ಸೀರೆ ಉಟ್ಟು ಕೂತಳು. ಮೇಜಿನ ಪಕ್ಕ, ಕ್ಯಾಮೆರಾದ ಕಣ್ಣಿಗೆ ಬೀಳದಂತೆ, ನೆಲದ ಮೇಲೆ ಪೂನಮ. ಅವಳ ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ದಪ್ಪ ಸ್ಕೆಚ್ ಪೆನ್ನು. ಇಂಗ್ಲಿಷ್ ಮಾತನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಎತ್ತಿ ಹಿಡಿಯುವುದು ಅವಳ ಕೆಲಸ. ನೋಡಿ ಓದುವುದು ಸಪನಾಳದು.

"ವೆನ್ ಐ ವಾಸ್ ಪ್ಲೇಯಿಂಗ್," ಎಂದು ಸಪನಾ ಓದಿದಳು, "ವಿ ಸ್ಲೆಪ್ಟ್ ಇನ್ ಎ ಸ್ಕೂಲ್ ರೂಮ್. ದ ಡೋರ್ ಹ್ಯಾಡ್ ನೋ ಬೋಲ್ಟ್."

ಅದು ಪೂನಮಳ ಹದಿನೇಳನೆಯ ವರ್ಷದ ಸಂಗತಿ. ಚಿಲಕವಿಲ್ಲದ ಶಾಲೆಯ ಕೋಣೆಯಲ್ಲಿ ಹನ್ನೆರಡು ಹುಡುಗಿಯರು; ಸರದಿಯ ಮೇಲೆ ಒಬ್ಬೊಬ್ಬರಾಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಬೆಳಗ್ಗೆ ಅದೇ ಬೆನ್ನು, ಅದೇ ಕಾಲುಗಳಲ್ಲಿ ಫೈನಲ್ ಆಡಿ ಸೋತರು. ಹುಡುಗಿಯರಿಗೆ ತಾಕತ್ತಿಲ್ಲ ಎಂದು ಮ್ಯಾನೇಜರು ವರದಿ ಬರೆದ.

ಪರದೆಯ ಮೇಲೆ ಸಮಿತಿಯ ಅಧ್ಯಕ್ಷೆ, ಕೆನ್ಯಾದವಳು, ಕನ್ನಡಕ ತೆಗೆದು ಏನೋ ಹೇಳಿದಳು. ಉಳಿದ ಹೆಂಗಸರು ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಸಪನಾ ಕೇಳಿದಳು: "ಏನಂದ್ಲು ಬೇ ಆಕಿ?"

"ನಿಮ್ಮ ಧೈರ್ಯಾ ದೊಡ್ಡದು ಅಂದ್ಲ್ರಿ, ಅಕ್ಕಾರ."

"ನಾ ಏನ ಧೈರ್ಯಾ ಮಾಡಿದ್ನಿ?"

"ಬಾಗಲಕ್ಕ ಬೆನ್ನ ಹಚ್ಚಿ ಕುಂತಿದ್ರಲ್ಲ."

ಸಪನಾ ನಗಲು ಹೋಗಿ ನಿಲ್ಲಿಸಿದಳು. "ಚಲೋ ಬರೀತಿ ನೀ," ಎಂದು ಸೀರೆ ಬಿಚ್ಚಲು ಒಳಗೆ ಹೋದಳು.

ಆ ತಿಂಗಳು ಮನೆಯ ತೂಕ ಬದಲಾಯಿತು. ಊಟಕ್ಕೆ ಕೂತಾಗ ಮೊದಲ ತುತ್ತಿಗೇ ಉಪ್ಪು ಕಡಿಮೆಯೆಂದು ತಾಟು ತಳ್ಳುತ್ತಿದ್ದ ವೃಷಭ ಈಗ ಹೆಂಡತಿಯನ್ನು ಮೇಡಮ್ ಎಂದು ಕರೆಯತೊಡಗಿದ. ಮೊದಮೊದಲು ಚೇಷ್ಟೆಗೆ, ಸಕ್ಕರೆ ಕಾರ್ಖಾನೆಯ ಕೃಷಿ ಅಧಿಕಾರಿ ಕೂಡ ಹಾಗೇ ಕರೆದ ಮೇಲೆ ಚೇಷ್ಟೆ ಬಿಟ್ಟು. ಪದ್ಮವ್ವ ಹಿರಿಯ ಸೊಸೆಗೆ ಎಮ್ಮೆಯ ಕೆಲಸ ಬಿಡಿಸಿದರು. "ಜಗತ್ತಿಗೆ ಮಾರಿ ತೋರ್ಸೂ ಹೆಣ್ಮಗಳು, ಸೆಗಣಿ ಬಳದ್ರ ಹೆಂಗ?" ಬಿಟ್ಟ ಕೆಲಸ ಎಲ್ಲಿ ಹೋಗಬೇಕು? ಎರಡು ಎಮ್ಮೆ, ಐದು ಜನರ ಬಟ್ಟೆ, ಎರಡು ಹೊತ್ತಿನ ರೊಟ್ಟಿ ಒಂದೊಂದಾಗಿ ಪೂನಮಳ ಪಾಲಿಗೆ ಬಂದವು. ಮಧ್ಯಾಹ್ನ ಕೈ ಒರೆಸಿಕೊಂಡು ಅವಳು ಪರಿಷತ್ತಿನ ಪತ್ರಗಳಿಗೆ ಉತ್ತರ ಬರೆಯುತ್ತಿದ್ದಳು. ಕೆಳಗೆ ಸಪನಾ ವೃಷಭ ಮಗದುಮ್ ಎಂದು ಹೆಸರು.

ಒಂದು ದಿನ ಮಾವನಿಗೆ ಬಡಿಸುತ್ತ ಕೇಳಿಯೇಬಿಟ್ಟಳು: "ಮಾವಾರ, ಪತ್ರದ ಕೆಳಗ ಸಣ್ಣದಾಗಿ ನನ್ನ ಹೆಸರೂ ಹಾಕ್ಲಿ? ಸಹಾಯಕಿ ಅಂತ."

"ಯಾಕ?"

"ಬರಿಯಾಕಿ ನಾನಽ ಅಲ್ಲೇನ್ರಿ?"

"ಹೆಸರ ತಗೊಂಡ ಏನ ಮಾಡ್ತಿ? ಮನೀ ಹೆಸರು ಎಲ್ಲಾರದೂ ಒಂದಽ ಅಲ್ಲೇನು?" ಕಾಕಾಸಾಹೇಬರು ತಾಟು ಮುಂದೆ ಸರಿಸಿದರು. "ಚಟ್ನಿ ಹಾಕು."

ಚಟ್ನಿ ಹಾಕಿದಳು. ಅದೇ ವಾರ, ಮುಂದಿನ ಸಭೆಗೆ ಪ್ರಸ್ತಾಪಗಳಿದ್ದರೆ ಕಳಿಸಿ ಎಂದು ಪತ್ರ ಬಂತು. ಅವಳು ಎರಡು ಸಾಲು ಬರೆದಳು: ಈ ಸಮಿತಿಯ ಸದಸ್ಯೆ ರಾಜ್ಯ ಅಥವಾ ರಾಷ್ಟ್ರ ಮಟ್ಟದಲ್ಲಿ ಆಟ ಆಡಿದವಳಾಗಿರಬೇಕು, ಬರುವ ಏಪ್ರಿಲ್‌ನಿಂದ ಪ್ರಮಾಣಪತ್ರ ಕಡ್ಡಾಯವಾಗಬೇಕು. ಕೆಳಗೆ ಸಪನಾಳ ಹೆಸರು ಹಾಕಿ ಕಳಿಸಿದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವಳು ಕಳಿಸುವುದನ್ನು ಅಲ್ಲಿ ಯಾರೂ ಓದುತ್ತಿರಲಿಲ್ಲ.

ಓದಿದವರು ದಿಲ್ಲಿಯ ಸಂಘದವರು. ಜನವರಿ ಎರಡನೆಯ ವಾರ, ಸಂಜೆಯ ಊಟಕ್ಕೆ ಎಲ್ಲರೂ ಕೂತಿದ್ದಾಗ ಕಾಕಾಸಾಹೇಬರಿಗೆ ಫೋನು ಬಂತು. ಅವರು ಎಡಗೈಯಲ್ಲಿ ಕಿವಿಗಿಟ್ಟುಕೊಂಡು ಹಾಂ, ಹಾಂ ಎಂದರು. ಆಮೇಲೆ ಹಾಂ ಕೂಡ ನಿಂತಿತು. ಫೋನು ಕೆಳಗಿಟ್ಟು ಪೂನಮಳ ಕಡೆ ತಿರುಗಿದರು.

"ಯಾರನ್ನ ಕೇಳಿ ಬರದಿ?"

"ಬರಿಯೂದು ನೀ ನೋಡ್ಕೋ ಅಂತ ನೀವಽ ಅಂದಿದ್ರಿ."

"ಏನ ಬರದಾಳ?" ಎಂದ ವೃಷಭ.

"ಆಡಿದಾಕಿ ಅಷ್ಟಽ ಸಮಿತ್ಯಾಗ ಇರಬೇಕಂತ. ನಿನ್ನ ಹೆಂಡ್ತಿ ಹೆಸರಿನ್ಯಾಗ ಬರದು, ನಿನ್ನ ಹೆಂಡ್ತಿನ್ನಽ ತಗಿಯೂ ಕಾಯ್ದೆ. 'ನಿಮ್ಮ ಸೊಸಿ ತನ್ನ ಕಾಲ ಮ್ಯಾಲ ತಾನಽ ಕೊಡ್ಲಿ ಹಾಕ್ಕೊಂಡಾಳಲ್ರಿ' ಅಂತ ದಿಲ್ಲಿಯವ ನಗಾಕತ್ತಾನ ನನಗ!"

ವೃಷಭ ಎಂಜಲು ಕೈಯಲ್ಲೇ ಎದ್ದು ನಿಂತ. "ಆಕಿಗಿ ಖುರ್ಚಿ ಬೇಕಾಗೈತಿ. ತಮ್ಮ ಹ್ವಾದ ಮ್ಯಾಲ ಹೊಟ್ಟಿಗಿ ಹಾಕಿ ಇಟ್ಕೊಂಡೇವಿ, ಅದಕ್ಕ ಇದು."

"ಹೊಟ್ಟಿಗಿ ನೀವು ಹಾಕಾಕತ್ತಿಲ್ರಿ," ಎಂದಳು ಪೂನಮ. "ಎರಡೂ ಹೊತ್ತು ನಾ ಬಡ್ಯೂ ರೊಟ್ಟಿ ನೀವು ತಿನ್ನಾಕತ್ತೀರಿ."

"ನೋಡ್ರಿ ಬಾಯಿ!"

"ಉಣ್ಣೂ ಮುಂದ ಒದರಬ್ಯಾಡ್ರಿ," ಎಂದು ಪದ್ಮವ್ವ ಇಬ್ಬರ ನಡುವೆ ಅನ್ನದ ಪಾತ್ರೆ ಸರಿಸಿದರು. "ಆಕಿ ಆಡಿದ್ದೇನ ಸುಳ್ಳಽ? ಕುಣಾಲನ ಲಗ್ನದಾಗ ಕಪ್ಪು, ಮೆಡಲು ಸಂದೂಕ ತುಂಬಿ ಬಂದಿದ್ವು. ನಾನಽ ಒರಸಿ ಇಟ್ಟೀನಿ."

"ನೀ ಸುಮ್ನಿರು," ಎಂದರು ಕಾಕಾಸಾಹೇಬರು. ಪದ್ಮವ್ವ ಸುಮ್ಮನಾದರು, ನಲವತ್ತೈದು ವರ್ಷದ ರೂಢಿ.

ಪ್ರಸ್ತಾಪ ಹಿಂದೆಗೆದುಕೊಳ್ಳುವ ಗಡುವು ಮುಗಿದಿತ್ತು. ಕಾಕಾಸಾಹೇಬರು ಕೈ ತೊಳೆದು ಬಂದು ಹಿರಿಯ ಸೊಸೆಯನ್ನು ಎದುರು ನಿಲ್ಲಿಸಿಕೊಂಡರು. "ಮುಂದಿನ ಸಭಾದಾಗ ನಿನ್ನ ಹೆಸರು ಕರೀತಾರ. ಒಂದಽ ಮಾತು. ನೋ. ಏನಂತಿ?"

"ನೋ," ಎಂದಳು ಸಪನಾ ನೆಲ ನೋಡುತ್ತ.

"ಜೋರಾಗಿ."

"ನೋ ರೀ ಮಾವಾರ."

ಸಭೆಗೆ ಎರಡು ದಿನ ಮೊದಲು ಇಬ್ಬರೇ ಅಡುಗೆಮನೆಯಲ್ಲಿದ್ದಾಗ ಪೂನಮ ಮಾತು ತೆಗೆದಳು. ಬೇಡುವುದು ಅವಳಿಗೆ ಅಭ್ಯಾಸವಿರಲಿಲ್ಲ; ಹಿಟ್ಟು ನಾದುವ ಕೈ ನೋಡುತ್ತಲೇ ಬೇಡಿದಳು.

"ಅಕ್ಕಾರ, ಹೂಂ ಅನ್ರಿ."

"ಮಾವಾರ ಬಿಡ್ತಾರೇನ?"

"ಅವರು ಬೈತಾರ. ಎರಡ ದಿನ ಬೈದು ಬಿಡ್ತಾರ. ಏಪ್ರಿಲ್ ತನಕ ನೀವಽ ಇರ್ತೀರಿ. ಆಮ್ಯಾಲ ಪ್ರಮಾಣಪತ್ರ ಇದ್ದಾಕಿ ಹೆಸರು ಕೇಳ್ತಾರ. ಈ ಮನ್ಯಾಗ ಅಂಥಾಕಿ ನಾ ಒಬ್ಬಾಕಿನಽ. ಜಾಗಾ ಮನೀ ಬಿಟ್ಟು ಹೋಗಬಾರದು ಅಂದ್ರ ಮಾವಾರಿಗೆ ನನ್ನ ಹೆಸರು ಕೊಡದ ಗತಿ ಇಲ್ಲ."

ಸಪನಾ ಹುಣಸೆಹಣ್ಣು ಹಿಂಡುತ್ತಿದ್ದಳು. ಹಿಂಡಿ ಮುಗಿದಿದ್ದರೂ ಹಿಂಡುತ್ತಿದ್ದಳು.

"ಗಂಡ ಹ್ವಾದ ಮ್ಯಾಲ ನನ್ನ ಹೆಸರಿನ್ಯಾಗ ರೇಶನ್ ಚೀಟಿ ಸುದ್ದಾ ಇಲ್ಲ, ಅಕ್ಕಾರ," ಎಂದಳು ಪೂನಮ. "ಇದೊಂದು ನಂದು. ನಾ ಓಡಿ ಗಳಿಸಿದ್ದು."

"ನೀ ಹೇಳೂದು ಖರೆ ಐತಿ."

"ಹಂಗಾದ್ರ?"

"ನೋಡ್ತೀನಿ. ಮೊದಲ ಆ ಬ್ಯಾಳಿ ನೋಡು, ಉಕ್ಕಾಕತ್ತೈತಿ."

ಅಷ್ಟು ಭರವಸೆಯ ಮೇಲೆಯೇ ಪೂನಮ ಎರಡು ದಿನ ಕಳೆದಳು.

ಸಭೆ ಐದಕ್ಕೇ ಶುರುವಾಯಿತು. ಕಾಕಾಸಾಹೇಬರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಪೊಲೀಸಿನವನ ಹಾಗೆ ಕೂತರು. ವೃಷಭ ಕಬ್ಬಿನ ಗಾಡಿಯ ಜೊತೆ ಕಾರ್ಖಾನೆಗೆ ಹೋಗಿದ್ದ. ಆದರೆ ಯಾವುದೋ ದೇಶದವಳ ದನಿ ಕೇಳಿಸದೆ ಸಭೆ ಅರ್ಧ ಗಂಟೆ ನಿಂತಿತು. ಮತ್ತೊಬ್ಬಳು ಬಜೆಟ್ಟಿನ ಮೇಲೆ ಮಾತು ಬೆಳೆಸಿದಳು. ಕಾಕಾಸಾಹೇಬರು ಗಡಿಯಾರ ನೋಡಿದರು, ಅಂಗಳದ ಬಿಸಿಲು ನೋಡಿದರು. ಬಿಸಿಲು ಗೋಡೆ ಹತ್ತಿತ್ತು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಮೂವತ್ತನೆಯ ವಯಸ್ಸಿನಲ್ಲಿ ಜೈನ ಮುನಿಗಳ ಮುಂದೆ ನೇಮ ಹಿಡಿದವರು. ದಿಲ್ಲಿಯ ಔತಣಗಳಲ್ಲೂ ಅದನ್ನು ಮುರಿದವರಲ್ಲ. ಆರಕ್ಕೆ ಐದು ನಿಮಿಷ ಇರುವಾಗ ಪದ್ಮವ್ವ ಒಳಗಿಂದ ಕೂಗಿದರು: "ತಾಟು ಹಾಕೀನಿ ನೋಡ್ರಿ. ಆಮ್ಯಾಲ ಉಪಾಸ ಬೀಳ್ತೀರಿ."

ಅವರು ಎದ್ದರು. "ನೆನಪೈತಿಲ್ಲ?" ಎಂದರು ಸಪನಾಳಿಗೆ. ಅವಳು ತಲೆಯಾಡಿಸಿದಳು. ಅವರು ಹೋದರು.

ಅವರು ಹೋಗಿ ನಾಲ್ಕನೆಯ ನಿಮಿಷಕ್ಕೆ ಆ ಪ್ರಸ್ತಾಪ ಬಂತು.

ಪಡಸಾಲೆಯಲ್ಲಿ ಇಬ್ಬರೇ. ಅಧ್ಯಕ್ಷೆ ಒಂದೊಂದೇ ದೇಶದ ಹೆಸರು ಕರೆಯುತ್ತಿದ್ದಳು. ಯೆಸ್. ಯೆಸ್. ನೋ. ಪೂನಮ ನೋಟ್‌ಬುಕ್ಕಿನ ಹೊಸ ಪುಟದ ತುಂಬ ಎರಡೇ ಅಕ್ಷರ ಬರೆದು ಎತ್ತಿ ಹಿಡಿದಳು: ಯೆಸ್.

"ಇಂಡಿಯಾ?"

ಸಪನಾ ಪುಟ ನೋಡಿದಳು. ಬಾಗಿಲ ಬಳಿಯ ಖಾಲಿ ಕುರ್ಚಿ ನೋಡಿದಳು. ಒಳಗಿನಿಂದ ತಾಟಿಗೆ ಸೌಟು ತಾಗಿದ ಸದ್ದು ಬಂತು; ಉಣ್ಣುವವರಿಗೆ ಇಲ್ಲಿಯ ಮಾತು ಕೇಳಿಸುವಂತಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಪರದೆಗೆ ಮುಖ ಎತ್ತಿದಳು.

"ನೋ."

ಅಧ್ಯಕ್ಷೆ ಹುಬ್ಬು ಏರಿಸಿದಳು. ಪ್ರಸ್ತಾಪ ನಿಮ್ಮದೇ ಅಲ್ಲವೇ, ಸರಿಯಾಗಿ ಕೇಳಿಸಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಪನಾಳಿಗೆ ಪ್ರಶ್ನೆ ತಿಳಿಯಲಿಲ್ಲ. ಪೂನಮಳ ಕಡೆ ತಿರುಗಲೂ ಇಲ್ಲ.

"ನೋ," ಎಂದಳು ಮತ್ತೊಮ್ಮೆ. "ನೋ. ಥ್ಯಾಂಕ್ಯೂ."

ಐದು ಮತ ಪರ, ಆರು ವಿರುದ್ಧ. ಪ್ರಸ್ತಾಪ ಬಿತ್ತು.

ಪೂನಮ ನೋಟ್‌ಬುಕ್ಕು ಮುಚ್ಚಿದಳು. ಕಾಕಾಸಾಹೇಬರು ಟವಲಿಗೆ ಕೈ ಒರೆಸುತ್ತ ಬಂದರು. "ಏನಾತು?"

"ನೋ ಅಂದ್ನಿರಿ. ಎರಡ ಸಲ."

"ಶಾಭಾಸ್!" ಅವರು ಹೆಂಡತಿಯನ್ನು ಕೂಗಿ ಕರೆದರು. "ಕೇಳಿದಿ ಏನ? ಇವತ್ತ ತಾನಽ ಮಾತಾಡ್ಯಾಳ. ಯಾರೂ ಹೇಳಿಕೊಡಾಕ ಇರ್ಲಿಲ್ಲ."

ಸಭೆ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು; ಮಾವನ ನೇಮವೇ ಮನೆಯವರಿಗೆಲ್ಲ ನೇಮ. ಸಪನಾಳಿಗೆ ಪದ್ಮವ್ವ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಕೊಟ್ಟರು. ಸಭೆಯ ಕೆಲಸಕ್ಕೆ ಕೂತವಳೆಂದು ನೇಮದಲ್ಲಿ ಅಷ್ಟು ಸಡಿಲ. ಪೂನಮ ಯಾವ ಕೆಲಸಕ್ಕೆ ಕೂತಿದ್ದಳೆಂದು ಯಾರೂ ಕೇಳಲಿಲ್ಲ. ಅವಳು ಮಾವ ಉಂಡ ತಾಟು ತೊಳೆದಿಟ್ಟಳು.

ಆಮೇಲೆ ನಾಲ್ಕು ದಿನ ಇಬ್ಬರು ಸೊಸೆಯರ ನಡುವೆ ಮಾತೆಂದರೆ ಉಪ್ಪು, ಹಾಲು, ಇಸ್ತ್ರಿ. ಐದನೆಯ ದಿನ ಬೆಳಗ್ಗೆ ಪೂನಮ ಹಿತ್ತಲಲ್ಲಿ ಹಾಲಿನ ಕ್ಯಾನು ತಿಕ್ಕುತ್ತಿದ್ದಾಗ ಸಪನಾ ಫೋನು ಹಿಡಿದು ಬಂದಳು.

"ಪೂನಮ, ಇದೇನೋ ಬಂದೈತಿ ನೋಡು. ಎರಡ ಸಲ ಬಂತು."

ಪೂನಮ ಕೈ ಒರೆಸಿಕೊಂಡು ಓದಿದಳು. ಪರಿಷತ್ತಿನ ಕಚೇರಿಯ ಪತ್ರ. ತಾವೇ ಮಂಡಿಸಿದ ಪ್ರಸ್ತಾಪಕ್ಕೆ ತಾವೇ ವಿರುದ್ಧ ಮತ ಹಾಕಿದ್ದೀರಿ. ಸಭೆಯ ನಡವಳಿಗೆ ಕಾರಣ ಬೇಕು. ತಮ್ಮ ಮಾತಿನಲ್ಲೇ ಬರೆದು ಕಳಿಸಿ, ಅದನ್ನು ಎಲ್ಲ ದೇಶಗಳಿಗೂ ಕಳಿಸಲಾಗುವುದು.

"ಯಾಕ ಬ್ಯಾಡ ಅಂದ್ರಿ ಅಂತ ಕೇಳ್ಯಾರ್ರಿ."

"ಏನರ ಚಂದಾಗಿ ಬರದ ಹಾಕು."

"ನೀವು ಹೇಳ್ರಿ. ನಿಮ್ಮ ಮಾತಿನ್ಯಾಗ ಬೇಕಂತ."

"ನಂದೇನ ಮಾತು?" ಸಪನಾ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಒಳಗಿನ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. "ನಿನಗ ಗೊತ್ತಿಲ್ಲೇನ? ನಾ ಒಂದ ದಿನಾನೂ ಖೋಖೋ ಆಡಿಲ್ಲ. ಕಾಯ್ದೆ ಪಾಸಾಗಿದ್ರ ನನ್ನ ತಗದ ನಿನ್ನ ಕುಂಡ್ರಸ್ತಿದ್ರು."

"ಹೂಂ."

"ನಿನಗ ಸಾಲಿ ಐತಿ. ಎಲ್ಲಿ ಹ್ವಾದ್ರೂ ನೌಕರಿ ಸಿಗ್ತೈತಿ. ನನಗ ಏನೈತಿ? ಹದಿಮೂರ ವರ್ಷ ಆತು ಲಗ್ನ ಆಗಿ. ಹನ್ನೆರಡ ವರ್ಷ ನನ್ನ ಹೆಸರ ಹಿಡದು ಕರದವರಿಲ್ಲ. ಲೇ, ಬೇ, ಏ ಇವಳ. ಮೂರ ತಿಂಗಳಾತು, ಅವರು ನನ್ನ ಮ್ಯಾಲ ಕೈ ಎತ್ತಿಲ್ಲ. ಆ ಖುರ್ಚಿ ಹ್ವಾದ್ರ ಮರುದಿನಾನಽ ಮತ್ತ ಎತ್ತತಾರ." ಸಪನಾ ಮೂಗು ಒರೆಸಿಕೊಂಡಳು. "ನಿನ್ನ ಅನ್ನಾ ಕಸದೀನಿ, ಗೊತ್ತೈತಿ ನನಗ. ಕಸಗೊಂಡಽ ತಿಂತೀನಿ. ಏನ ಮಾಡ್ಲಿ?"

ಪೂನಮ ಫೋನಿನಲ್ಲೇ ಬರೆಯುತ್ತಿದ್ದಳು. ಮೂರು ತಿಂಗಳಲ್ಲಿ ನೂರಕ್ಕೆ ಹತ್ತಿರ ಪತ್ರ ಬರೆದಿದ್ದಳು. ಪ್ರತಿಯೊಂದರಲ್ಲೂ ಸಪನಾಳನ್ನು ಓದಿದವಳಾಗಿ, ಆಡಿದವಳಾಗಿ, ದಿಟ್ಟೆಯಾಗಿ ನಿಲ್ಲಿಸಿದ್ದಳು. ಇವತ್ತು ಕೇಳಿಸಿದ ಒಂದೊಂದು ಮಾತನ್ನೂ ಇಂಗ್ಲಿಷಿಗೆ ಇಳಿಸಿದಳು. ಆಡಿಲ್ಲ ಎಂಬುದನ್ನು ಆಡಿಲ್ಲ ಎಂದೇ. ಕೈ ಎತ್ತುವುದನ್ನು ಕೈ ಎತ್ತುವುದು ಎಂದೇ. ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ.

"ಓದಿ ಹೇಳ್ಲ್ಯಾ, ಅಕ್ಕಾರ?"

"ಬ್ಯಾಡ ಬಿಡು. ನೀ ಬರದದ್ದು ಎಂದರ ತಪ್ಪಾಗೈತೇನು? ಕಳಸು."

ಪೂನಮ ಒಂದು ಗಳಿಗೆ ತಡೆದಳು. ಸಪನಾ ಆಗಲೇ ಎದ್ದು ಸೀರೆಯ ಹಿಂಭಾಗ ಕೊಡವಿಕೊಳ್ಳುತ್ತಿದ್ದಳು. ಪೂನಮ ಕಳಿಸಿದಳು. ಫೋನು ಒರೆಸಿ ಕೊಟ್ಟಳು.

"ಚಂದಾಗಿ ಬರದಿಯಲ್ಲ?"

"ನೀವು ಹೇಳಿದ್ಹಂಗಽ ಬರದೀನ್ರಿ."

ಸಪನಾ ಸಮಾಧಾನದಿಂದ ಒಳಗೆ ಹೋದಳು. ಪಡಸಾಲೆಯಿಂದ ವೃಷಭನ ದನಿ ಕೇಳಿಸಿತು. ಚೇಷ್ಟೆಯಿಲ್ಲದ ದನಿ. "ಮೇಡಮ್, ಎಲ್ಲಿ ಹೋಗಿದ್ರಿ? ಚಾ ಆರಾಕತ್ತೈತಿ, ಬರ್ರಿ."